ಗಣಿತದ ಮಾಸ್ತರರು ಸೀತನಿ ಮುಟ್ಟದ ವರ್ಷ

ನಮ್ಮೂರ ಹೈಸ್ಕೂಲನ್ನು ಹಿರಿಯರು ಕೊನೆಯವರೆಗೂ ‘ಇಂಗ್ಲಿಷ್ ಸಾಲಿ’ ಎಂದೇ ಕರೆದರು. ಬ್ರಿಟಿಷರ ಕಾಲದಲ್ಲಿ ಊರಿನವರೇ ಕೂಡಿ ಕಟ್ಟಿಸಿದ ಕಲ್ಲಿನ ಕಟ್ಟಡ, ಮೇಲೆ ಹೆಂಚು, ಅಂಗಳದಲ್ಲಿ ಬೇವಿನ ಗಿಡಗಳು. ಶಲವಡಿ ದಾಟಿ ಎರೆ ಹೊಲಗಳ ನಡುವೆ ಬರುವ ಊರು ನಮ್ಮದು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಪಾದವೂ ರೊಟ್ಟಿ ಹಂಚಿನಷ್ಟು ಅಗಲ ಆಗುತ್ತಿತ್ತು. ಮಾಸ್ತರರಿರಲಿ, ಮಕ್ಕಳಿರಲಿ, ಶಾಲೆಯ ಮೆಟ್ಟಿಲ ಅಂಚಿಗೆ ಕಾಲು ಕೆರೆದುಕೊಂಡೇ ಒಳಗೆ ಹೋಗಬೇಕು. ಆ ಅಂಚು ಸವೆದು ನುಣ್ಣಗಾಗಿತ್ತು.

ಆ ಶಾಲೆಯ ಮಾಸ್ತರರ ಬಗ್ಗೆ ಯಾರಾದರೂ ಕೇಳಿದರೆ ಎಲ್ಲರೂ ಹೆಡ್‌ಮಾಸ್ತರರ ಹೆಸರನ್ನೇ ಹೇಳುತ್ತಾರೆ. ಹೇಳಬೇಕಾದ್ದೇ. ಉರಿ ಬಿಸಿಲಿನಲ್ಲೂ ಉದ್ದನೆಯ ಕೋಟು, ಕರಿ ಟೋಪಿ ಬಿಡದ ಮನುಷ್ಯ ಅವರು. ಹಳೆಯ ವ್ಯಾಕರಣದ ಪುಸ್ತಕವೊಂದನ್ನು ಎಡಗೈಯಲ್ಲಿ ಹಿಡಿದು, ತೆರೆಯದೆಯೇ ಇಂಗ್ಲಿಷ್ ಕಲಿಸುತ್ತಿದ್ದರು. ಯಾರ ಮೇಲೂ ದನಿ ಎತ್ತಿದವರಲ್ಲ. ಕನ್ನಡದ ಮಾಸ್ತರರು ಹಾಡಿ ಹಾಡಿ ಪದ್ಯ ಕಲಿಸುವವರು. ಮಧ್ಯಾಹ್ನದ ಮೇಲಿನ ತಾಸಿನಲ್ಲಿ ಹಾಡುತ್ತಲೇ ಅವರಿಗೆ ಜೊಂಪು ಹತ್ತುತ್ತಿತ್ತು, ನಾವೂ ಎಬ್ಬಿಸುತ್ತಿರಲಿಲ್ಲ. ಇವರಿಬ್ಬರನ್ನೂ ಪ್ರೀತಿಸುವುದು ಸುಲಭ. ನಾನು ಬರೆಯಬೇಕೆಂದು ಕುಳಿತಿರುವುದು ಯಾರೂ ಪ್ರೀತಿಸದ ಮೂರನೆಯವರ ಬಗ್ಗೆ.

ಗಣಿತದ ಮಾಸ್ತರರು ಎತ್ತರದ, ಬಡಕಲು ಮನುಷ್ಯ. ನಕ್ಕದ್ದನ್ನು ನಾನು ನೋಡಿಲ್ಲ. ಅವರ ಕೈಯಲ್ಲಿ ಛಡಿ ಇರುತ್ತಿರಲಿಲ್ಲ, ಬೈಗುಳವೂ ಬರುತ್ತಿರಲಿಲ್ಲ. ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದೆ ಯಾರಾದರೂ ಪಿಸುಗುಟ್ಟಿದರೆ ಖಡು ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ನಮಗೆ ಬೆನ್ನು ಮಾಡಿಯೇ ನಿಂತಿರುತ್ತಿದ್ದರು, ಅಷ್ಟೇ. ಆ ಬೆನ್ನನ್ನು ನೋಡುತ್ತ ಇಡೀ ಕ್ಲಾಸು ಉಸಿರು ಬಿಗಿಹಿಡಿಯುತ್ತಿತ್ತು. ಮೀಸೆ ಬಂದ ಹುಡುಗರೂ ಆ ಬೆನ್ನಿಗೆ ಅಂಜುತ್ತಿದ್ದರು. ಲೆಕ್ಕ ಸರಿ ಮಾಡಿದವರಿಗೆ ‘ಹೂಂ’ ಅನ್ನುವರು, ತಪ್ಪು ಮಾಡಿದವರಿಗೆ ‘ಊಂಹೂಂ’. ನನಗೆ ಬಹಳ ಸಲ ‘ಹೂಂ’ ಸಿಕ್ಕಿತ್ತು. ಅದಕ್ಕಿಂತ ಹೆಚ್ಚಿನ ಮಾತು ನಮ್ಮಿಬ್ಬರ ನಡುವೆ ಆಗಿದ್ದಿಲ್ಲ.

ಹತ್ತನೇ ಇಯತ್ತೆಯಲ್ಲಿ ಹುಡುಗಿಯರೆಂದರೆ ಕಿಟಕಿಯ ಬಾಜು ಒಂದೇ ಬೆಂಚು. ಆ ವರ್ಷ ದೀಪಾವಳಿಗೆ ಕುಬಿಹಾಳದಿಂದ ನನ್ನ ಸೋದರತ್ತೆ ಬಂದಳು. ತನ್ನ ಗಂಡನ ಕಡೆಯ ಒಂದು ಮನೆತನ ಇದೆ, ಹುಡುಗ ಒಕ್ಕಲುತನದಲ್ಲಿ ಗಟ್ಟಿಗ, ಬೇಸಿಗೆಗೆ ಲಗ್ನ ಮಾಡಿಬಿಡೋಣ ಎಂದಳು. ಹಬ್ಬದ ಸೂಟಿ ಮುಗಿದು ನಾನು ಪಾಟಿಚೀಲ ತೆಗೆದುಕೊಂಡು ಹೊರಟಾಗ ಅಪ್ಪ ಕಟ್ಟೆಯ ಮೇಲೆ ಕುಳಿತವನು ನಗುನಗುತ್ತಲೇ ಅಂದ, “ಇನ್ನ ಸಾಕವ್ವ ಸಾಲಿ. ಅವ್ವನ ಕೈಯಾಗ ಒಂದೀಟು ಅಡಗಿ ಕಲಿ.”

ಅಪ್ಪ ಕೆಟ್ಟವನಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಅಣ್ಣಿಗೇರಿ ಸಂತೆಗೆ ಹೋದರೆ ಗಂಡುಮಕ್ಕಳಿಗಿಂತ ಮೊದಲು ನನಗೆ ಏನಾದರೂ ತರುತ್ತಿದ್ದ. ಆದರೆ ಊರ ಗೌಡ, ಶಾಲೆಯ ಕಮಿಟಿಗೆ ಹಿರಿಯ, ಆಡಿದ ಮಾತನ್ನು ಹಿಂದೆ ತೆಗೆದುಕೊಂಡವನಲ್ಲ. ನಾನು ಅತ್ತು ಕರೆದೆ, ಊಟ ಬಿಟ್ಟೆ. ಪರೀಕ್ಷೆಗೆ ನನ್ನ ಹೆಸರು ಆಗಲೇ ಹೋಗಿತ್ತು. ಮ್ಯಾಟ್ರಿಕ್ ಒಂದನ್ನು ಮುಗಿಸಿಬಿಡುತ್ತೇನೆ, ಆಮೇಲೆ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ ಎಂದು ಅವ್ವನ ಮುಂದೆ ಹಲುಬಿದೆ. ಅವ್ವ ನನ್ನ ತಲೆ ಬಾಚಿ ಹೆಣಲು ಹಾಕಿದಳು. ಆ ಮನೆಯಲ್ಲಿ ಅವಳ ಮಾತು ಎಲ್ಲಿಯವರೆಗೆ ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು.

ಹೆಡ್‌ಮಾಸ್ತರರು ತಮ್ಮ ದಾರಿಯಲ್ಲಿ ಪ್ರಯತ್ನ ಮಾಡಿದರು. ಸಂತೆಯ ಬಸ್ಸಿನಲ್ಲಿ ಅಪ್ಪನ ಪಕ್ಕದಲ್ಲೇ ಜಾಗ ಹಿಡಿದು, ಮಳೆ ಬೆಳೆ ಎಲ್ಲ ಮಾತಾಡಿ, ಇಳಿಯುವ ಹೊತ್ತಿಗೆ, “ಗೌಡ್ರ, ಪರೀಕ್ಷಾ ಒಂದ ಕೊಟ್ಟು ಬರಲಿ ಹುಡುಗಿ. ಲಗ್ನ ಎಲ್ಲಿ ಓಡಿ ಹೋಗತೈತ್ರಿ?” ಎನ್ನುತ್ತಿದ್ದರಂತೆ. ಅಪ್ಪನೇ ಮನೆಗೆ ಬಂದು ಹೇಳುತ್ತಿದ್ದ. ಮೊದಮೊದಲು ಸಿಡುಕಿನಿಂದ ಹೇಳಿದ, ಆಮೇಲೆ ನಗುತ್ತ ಹೇಳಿದ, ಸಂಕ್ರಾಂತಿಯ ಹೊತ್ತಿಗೆ “ನೋಡೂಣು” ಅಂದ. ಅಪ್ಪನ ಬಾಯಲ್ಲಿ ‘ನೋಡೂಣು’ ಅಂದರೆ ಅರ್ಧ ಒಪ್ಪಿದಂತೆ. ನಾನು ಪುಸ್ತಕಗಳನ್ನು ಟ್ರಂಕಿನಿಂದ ಹೊರಗೆ ತೆಗೆದೆ.

ಆಗಲೇ ಸೀತನಿ ಬಂತು. ಬಿಳಿಜೋಳದ ತೆನೆ ಹಾಲುಗಾಳು ತುಂಬಿ ಇನ್ನೂ ಹಸಿರಾಗಿರುವಾಗ ಮುರಿದು, ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ ಕಾಳು ಬಿಡಿಸಿ ತಿನ್ನುವುದೇ ಸೀತನಿ. ಶೇಂಗಾ ಹಿಂಡಿ ಎಂದರೆ ಚಟ್ನಿಪುಡಿ, ಬೆಲ್ಲ, ಕೊಬ್ಬರಿ, ಕೆನೆಮೊಸರು ಜೊತೆಗೆ. ಹೆಚ್ಚೆಂದರೆ ಎರಡು ಮೂರು ವಾರದ ಭಾಗ್ಯ ಅದು, ಕಾಳು ಬಲಿತರೆ ಮುಗಿಯಿತು. ನಮ್ಮ ಮನೆತನದಲ್ಲಿ ಮೊದಲ ಸೀತನಿಯ ತೆನೆ ಮಠಕ್ಕೆ, ಆಮೇಲೆ ಶಾಲೆಯ ಮಾಸ್ತರರಿಗೆ ಹೊಲದಲ್ಲಿ ಊಟ. ಅಜ್ಜನ ಕಾಲದಿಂದ ನಡೆದುಬಂದದ್ದು. ಆ ದಿನ ಮಾಸ್ತರರೆಲ್ಲ ರವಿವಾರದ ಶುಭ್ರ ಅಂಗಿ ಹಾಕಿಕೊಂಡು ಹೊಲದ ಬದುವಿನ ಮೇಲೆ ಸಾಲಾಗಿ ನಡೆದು ಬರುತ್ತಿದ್ದರು. ಗಣಿತದ ಮಾಸ್ತರರಿಗೆ ಸೀತನಿ ಎಂದರೆ ಪ್ರಾಣ ಎಂಬುದು ಊರಿಗೇ ಗೊತ್ತು. ಎಲ್ಲರೂ ತಿಂದು ಕೈ ತೊಳೆದ ಮೇಲೂ ಅವರು ಮೌನವಾಗಿ ಬೊಗಸೆಗಟ್ಟಲೆ ಮುಕ್ಕುತ್ತ ಕುಳಿತಿರುತ್ತಿದ್ದರು.

ಆ ಸಲ ಅವರು ಮುಟ್ಟಲಿಲ್ಲ. ಜಮಖಾನದ ಮೇಲೆ ಎಲ್ಲರ ಜೊತೆ ಕುಳಿತರು. ಎದುರಿಗೆ ಕಾಳಿನ ರಾಶಿ ಹೊಗೆಯಾಡುತ್ತಿತ್ತು. ನಾನು ಅವ್ವನ ಹಿಂದೆ ಹಿಂಡಿ ಬಡಿಸುತ್ತ ಬಂದೆ. ಅವರು ನನ್ನ ಕಡೆ ನೋಡಲಿಲ್ಲ, ಕೈಯನ್ನೂ ಮುಂದೆ ಚಾಚಲಿಲ್ಲ.

“ಯಾಕ್ರಿ ಮಾಸ್ತರ, ಇವತ್ತು ಉಪಾಸೇನು?” ಅಪ್ಪ ಕೇಳಿದ.

“ಹಸಿವಿಲ್ಲರಿ,” ಅಂದರು.

ನಮ್ಮ ಕಡೆ ಬಂದವರು ಉಣ್ಣದೆ ಎದ್ದರೆ ಅದು ಸಣ್ಣ ಮಾತಲ್ಲ. ಜಾತಿಯ ಅಡ್ಡಿ ಎನ್ನಲು ಅವರೂ ನಮ್ಮ ಹಾಗೆ ಲಿಂಗ ಕಟ್ಟಿದವರೇ. ಅಪ್ಪ ಮನೆಗೆ ಬಂದು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ. ಎಲ್ಲಿ ಕುಂದಾಯಿತು ಎಂದು ಹುಡುಕಿ ಹುಡುಕಿ ಕೊನೆಗೆ ಒಂದು ಕಾರಣ ಕಂಡುಕೊಂಡ. ಆ ವರ್ಷ ಮಾಸ್ತರರನ್ನು ಕರೆಯಲು ತಾನು ಹೋಗದೆ ಆಳನ್ನು ಕಳಿಸಿದ್ದ. “ಅದಕ್ಕ ಮುನದಾನ. ದೊಡ್ಡ ಮನುಷ್ಯಾ, ಮುನಿಯೂದು ಸಹಜ,” ಎಂದು ಮರುದಿನ ರುಮಾಲು ಸುತ್ತಿಕೊಂಡು ತಾನೇ ಅವರ ಮನೆಗೆ ಹೋಗಿ ಕರೆದು ಬಂದ. ನನ್ನ ಬಿಡಿಸಿದ ಶಾಲೆಗೂ ಅವರ ಮುಟ್ಟದ ಕೈಗೂ ಸಂಬಂಧವಿದ್ದೀತು ಎಂದು ಅವನಿಗೆ ಹೊಳೆಯಲೇ ಇಲ್ಲ. ಅವ್ವನಿಗೆ ಹೊಳೆದಿತ್ತು. ನನಗೂ ಹೊಳೆದಿತ್ತು, ಒಳಗೊಳಗೆ ಹಿಗ್ಗಿದ್ದೆ ಕೂಡ.

ಎರಡನೆಯ ಸೀತನಿಗೆ ಅಪ್ಪ ಊರ ಹಿರಿಯರನ್ನೂ ಕರೆದಿದ್ದ, ಮಾಸ್ತರರ ಮುನಿಸು ಎಲ್ಲರೆದುರೇ ಮುಗಿಯಲಿ ಎಂದು. ಮಾಸ್ತರರು ಬಂದರು, ಕುಳಿತರು, ಮತ್ತೆ ಮುಟ್ಟಲಿಲ್ಲ.

“ಮಾಸ್ತರ, ನಾನ ಖುದ್ದು ಬಂದು ಕರದೀನಿ. ಇನ್ನ ಯಾಕ್ರಿ ಸಿಟ್ಟು?”

“ಸಿಟ್ಟಲ್ಲರಿ ಗೌಡ್ರ.” ಅವರ ದನಿ ಕ್ಲಾಸಿನಲ್ಲಿ ಇದ್ದಷ್ಟೇ ಇತ್ತು. “ಲೆಕ್ಕ ಮಾಡೂ ಹುಡುಗಿನ್ನ ಸಾಲಿ ಬಿಡಿಸಿ ನಮಗ ಹಿಂಡಿ ನೀಡಾಕ ಹಚ್ಚೀರಿ. ಅದು ನನಗ ಗಂಟಲದಾಗ ಇಳಿಯೂದಿಲ್ಲ.”

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಅಪ್ಪನ ಮುಖ ಕೆಂಪಾಯಿತು. ಅವನು ಎದ್ದು ನಿಂತು, ಹಿರಿಯರೆಲ್ಲ ಕೇಳುವಂತೆ ಹೇಳಿದ, “ನನ್ನ ಹೊಲದ ಕಾಳು ಇವರಿಗೆ ಇಳಿಯಂಗಿಲ್ಲ ಅಂದ್ರ ಇವರ ಸಾಲಿ ನಮಗ ಬ್ಯಾಡ. ಈ ಮಾಸ್ತರ ನನ್ನ ಮನ್ಯಾಗ ಉಣ್ಣೂತನಕ ನನ್ನ ಮಗಳು ಸಾಲಿ ಕಟ್ಟಿ ಹತ್ತಂಗಿಲ್ಲ. ಇದು ನನ್ನ ಮಾತು.”

ಅಲ್ಲಿಗೆ ಹೆಡ್‌ಮಾಸ್ತರರು ತಿಂಗಳುಗಟ್ಟಲೆ ಬಸ್ಸಿನಲ್ಲಿ ಕುಳಿತು ಗಳಿಸಿದ್ದ ‘ನೋಡೂಣು’ ಕೂಡ ಹೋಯಿತು. ನಾಲ್ಕು ಜನರ ಮುಂದೆ ಒತ್ತಿದರೆ ಗೌಡ ಬಗ್ಗುವುದಿಲ್ಲ, ಇನ್ನೂ ಸೆಟೆಯುತ್ತಾನೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಇಷ್ಟು ಲೆಕ್ಕ ಬಲ್ಲ ಮನುಷ್ಯನಿಗೆ ಇದೊಂದು ತಿಳಿಯದೆ ಹೋಯಿತೇ ಎಂದು ನನಗೆ ಮೈ ಉರಿಯಿತು. ಇವರಿಗೆ ಯಾರು ಹೇಳಿದ್ದರು ನನ್ನ ಪರವಾಗಿ ಮಾತಾಡಲು? ಆ ರಾತ್ರಿ ಪುಸ್ತಕಗಳನ್ನು ಮತ್ತೆ ಟ್ರಂಕಿಗೆ ತುಂಬುವಾಗ ಅವರನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟು ಸಿಟ್ಟು ನನಗೆ ಅಪ್ಪನ ಮೇಲೂ ಬಂದಿರಲಿಲ್ಲ.

ಕುಬಿಹಾಳದವರು ಬಂದು ನೋಡಿಕೊಂಡು ಹೋದರು. ಒಪ್ಪಿಗೆಯ ಮಾತು ಬಂತು. ಇತ್ತ ಜೋಳ ಬಲಿತು ಕೊಯ್ಲು ಶುರುವಾಯಿತು, ಪರೀಕ್ಷೆ ಹತ್ತಿರ ಬಂತು. ಬಾಜು ಮನೆಯ ಗೆಳತಿ ಸಂಜೆ ಬಂದು ಅಂದಂದಿನ ಪಾಠ ಹೇಳುತ್ತಿದ್ದಳು. ನಾನು ಕೇಳಿಯೂ ಕೇಳದವಳಂತೆ ಅಕ್ಕಿ ಆರಿಸುತ್ತಿದ್ದೆ.

ಆಗ ಅವ್ವ ತನ್ನ ಮಾತು ನಡೆಯುವ ಜಾಗವನ್ನು ಹುಡುಕಿಕೊಂಡಳು. ನಮ್ಮೂರ ಬಾವಿಗಳ ನೀರು ಸವುಳು, ಕುಡಿಯಲು ಎಲ್ಲರೂ ಕೆರೆಗೇ ಹೋಗಬೇಕು. ಮನೆಯಲ್ಲಿ ನೀರು ತರಲು ಆಳಿದ್ದರೂ ಒಂದು ಬೆಳಿಗ್ಗೆ ಅವ್ವ ತಾನೇ ಕೊಡ ಹಿಡಿದು ಹೊರಟಳು, ನನ್ನನ್ನೂ ಕರೆದುಕೊಂಡು. ಕೆರೆಯ ಮೆಟ್ಟಿಲ ಮೇಲೆ ಗಣಿತದ ಮಾಸ್ತರರ ಹೆಂಡತಿ ಕೊಡ ತೊಳೆಯುತ್ತಿದ್ದರು. ಅವ್ವ ಅವರ ಪಕ್ಕದಲ್ಲೇ ಕುಳಿತು, ನೀರಿನ ಕಡೆ ನೋಡುತ್ತ ಅಂದಳು, “ನಮ್ಮ ಮನೆಯವರು ಕೆಟ್ಟವರಲ್ಲ ಬಿಡ್ರಿ ಅಕ್ಕಾರ. ಆದ್ರ ಬಾಗಿಲಾ ಅವರ ಹಾಕ್ಕೊಂಡಾರ, ಚಿಲಕಾ ಹೊರಗ ಐತಿ. ಸರ್ ಬಂದು ಒಂದ ತುತ್ತು ಉಂಡ್ರ ತಗೀತೈತಿ.”

ಆ ತಾಯಿ ಕೊಡವನ್ನು ಇನ್ನೊಮ್ಮೆ ತೊಳೆದು ನೀರು ತುಂಬಿದರು. ಆಮೇಲೆ, “ನಮ್ಮ ಮನೆಯವರೂ ಅಂಥವರರಿ. ಹೇಳಿ ನೋಡ್ತೀನಿ,” ಎಂದು ಕೊಡ ಎತ್ತಿಕೊಂಡರು.

ಒಂದೆರಡು ದಿನ ಕಳೆದಿರಬಹುದು. ನಡು ಮಧ್ಯಾಹ್ನ, ಶಾಲೆಯ ಊಟದ ಬಿಡುವಿನ ಹೊತ್ತು. ಗಣಿತದ ಮಾಸ್ತರರು ಪೇಟೆಯ ಓಣಿಯಲ್ಲಿ ಒಬ್ಬರೇ ನಡೆದು ಬಂದರು. ಹಿಂದಿನ ಸಂದಿಯಿಂದ ಬಂದಿದ್ದರೆ ಯಾರೂ ನೋಡುತ್ತಿರಲಿಲ್ಲ. ಅವರು ಅಂಗಡಿ ಕಟ್ಟೆಗಳ ಮುಂದಿನಿಂದ, ಹನುಮಪ್ಪನ ಗುಡಿಯ ಮುಂದಿನಿಂದ, ಜನರೆಲ್ಲ ನೋಡುವಂತೆ ಬಂದರು. ಬೇಕೆಂದೇ ಹಾಗೆ ಬಂದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಯಾರೂ ನೋಡದ ಊಟದಿಂದ ಅಪ್ಪನ ಮಾನ ವಾಪಸು ಬರುತ್ತಿರಲಿಲ್ಲ.

ಅಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕುಳಿತಿದ್ದ. ಮಾಸ್ತರರು ಎದುರಿಗೆ ನಿಂತು, “ಗೌಡ್ರ, ಹಸಿವಾಗೇತ್ರಿ. ಊಟಕ್ಕ ನೀಡಸ್ತೀರೇನು?” ಅಂದರು.

ಕಟ್ಟೆಯ ಮೇಲಿನವರಲ್ಲಿ ಒಬ್ಬ ನಕ್ಕ. ಅಪ್ಪ ನಗಲಿಲ್ಲ. ಗಡಬಡಿಸಿ ಎದ್ದು, “ಬರ್ರಿ, ಬರ್ರಿ ಒಳಗ,” ಎಂದು ಕೈ ಹಿಡಿದು ಕರೆತಂದ. ಪಡಸಾಲೆಯಲ್ಲಿ ಮಣೆ ಹಾಕಿಸಿದ. ಅವ್ವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ತಂದಿಟ್ಟಳು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಅವರು ತುತ್ತು ಮುರಿದು ಬಾಯಿಗಿಟ್ಟದ್ದನ್ನು ನೋಡಿದೆ. ಅಗಿಯುತ್ತಿದ್ದರು, ನುಂಗಲು ಹೊತ್ತು ಹಿಡಿಯುತ್ತಿತ್ತು. ಒಂದು ರೊಟ್ಟಿ ಮುಗಿಸಿ, ಕಟ್ಟೆಯವರಿಗೂ ಕೇಳುವಂತೆ, “ಇನ್ನೊಂದು ನೀಡ್ರಿ, ಭಾಳ ಚೊಲೋ ಆಗೈತಿ,” ಅಂದರು. ಅಪ್ಪ ತಾನೇ ರೊಟ್ಟಿ ಹಾಕಿದ, ತಾನೇ ಬೆಣ್ಣೆ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಶಾಲೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಕೈಗೆ ನೀರು ಹಾಕುವಾಗ ಅಪ್ಪ ಮೆಲ್ಲಗೆ ಅಂದ, “ನಾಳಿಂದ ಹುಡುಗಿ ಬರತಾಳ್ರಿ.” ಮಾಸ್ತರರು ‘ಹೂಂ’ ಅಂದರು, ಲೆಕ್ಕ ಸರಿಯಾದಾಗ ಅನ್ನುವ ಹಾಗೆ.

ನಾನು ಶಾಲೆಗೆ ಹೋದೆ. ಕುಬಿಹಾಳಕ್ಕೆ ಅಪ್ಪ, ಪರೀಕ್ಷೆ ಮುಗಿಯಲಿ ಎಂದು ಹೇಳಿ ಕಳಿಸಿದ. ನನ್ನ ಕಥೆ ಅಲ್ಲಿಗೆ ಸುಖವಾಯಿತು, ಮಾಸ್ತರರದು ಆಗಲಿಲ್ಲ.

ಊರು ಆ ಊಟವನ್ನು ಬಿಡಲಿಲ್ಲ. ‘ಗೌಡ ಮಣಿಸಿದ ನೋಡ್ರಿ’ ಎಂದು ಕೆಲವರು, ‘ಹೊಟ್ಟಿ ಕೇಳಬೇಕಲ್ಲೋ ಮಾರಾಯ’ ಎಂದು ಕೆಲವರು. ಅಪ್ಪನೇ ಕಟ್ಟೆಯ ಮೇಲೆ ಕುಳಿತು, ಅವರು ಹೇಗೆ ತಾವಾಗಿ ಬಂದು ಊಟ ಕೇಳಿದರೆಂದು ನಗುತ್ತ ಹೇಳುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಗೆದ್ದ ಸಂತೋಷಕ್ಕೆ. ಒಳಗಿದ್ದ ನನಗೆ ಅದು ಕೇಳುತ್ತಿತ್ತು. ಅಡ್ಡ ಬಂದು ‘ಹಾಗಲ್ಲಪ್ಪ’ ಎಂದರೆ ನಾನು ಮತ್ತೆ ಮನೆಯಲ್ಲೇ ಉಳಿಯುತ್ತಿದ್ದೆ.

ನಾನು ಮರಳಿ ಹೋದ ಮೊದಲ ವಾರದಲ್ಲೇ ಅದು ಆಯಿತು. ಮಾಸ್ತರರು ಹಲಗೆಯ ಮೇಲೆ ಬರೆಯುತ್ತಿದ್ದರು. ಹಿಂದೆ ಪಿಸುಪಿಸು ಎದ್ದಿತು. ಅವರ ಕೈ ನಿಂತಿತು, ಎಂದಿನಂತೆ ಬೆನ್ನು ಮಾಡಿ ನಿಂತರು. ಕ್ಲಾಸು ಸುಮ್ಮನಾಯಿತು. ಆ ಮೌನದಲ್ಲಿ ಹಿಂದಿನ ಬೆಂಚಿನಿಂದ ಯಾರೋ ಉದ್ದಕ್ಕೆ ಒಂದು ತೇಗು ತೇಗಿದರು, ಹೊಟ್ಟೆ ತುಂಬ ಉಂಡವರಂತೆ. ಗಂಡುಹುಡುಗರೆಲ್ಲ ಹೋ ಎಂದು ನಕ್ಕರು. ಕಿಟಕಿಯ ಬಾಜು ನಮ್ಮ ಬೆಂಚಿನಿಂದ ಅವರ ಮುಖದ ಒಂದು ಮಗ್ಗಲು ಕಾಣುತ್ತಿತ್ತು. ಕತ್ತಿನ ನರ ಒಮ್ಮೆ ಅಲುಗಿತು. ಅವರು ತಿರುಗಲಿಲ್ಲ, ಯಾರೆಂದು ಕೇಳಲಿಲ್ಲ. ನಿಂತ ಲೆಕ್ಕವನ್ನು ಮುಂದುವರಿಸಿದರು.

ಆಮೇಲೆ ಆ ಬೆನ್ನಿಗೆ ಯಾರೂ ಅಂಜಲಿಲ್ಲ. ಎಂದೂ ದನಿ ಎತ್ತದಿದ್ದವರು ‘ಸುಮ್ಮನಿರ್ರಿ, ಸುಮ್ಮನಿರ್ರಿ’ ಎಂದು ಕೂಗಿಕೊಳ್ಳಬೇಕಾಯಿತು. ವರ್ಷಾನುಗಟ್ಟಲೆ ಗಳಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ನನಗಾಗಿ ಕೊಟ್ಟಿದ್ದರು, ಕೊಟ್ಟದ್ದು ಏನೆಂದು ನಾನು ದಿನಾಲೂ ಎದುರಿಗೆ ಕುಳಿತು ನೋಡಬೇಕಿತ್ತು. ಪರೀಕ್ಷೆಯವರೆಗೆ ನಾನು ಓದಿದ್ದು ಆಸೆಯಿಂದಲ್ಲ. ಫೇಲಾದರೆ ಅವರ ಮುಖ ಹೇಗೆ ನೋಡಲಿ ಎಂಬ ಹೆದರಿಕೆಯಿಂದ.

ಪಾಸಾದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಅಪ್ಪ ಧಾರವಾಡದಿಂದ ಫೇಡೆ ತರಿಸಿ, ನನ್ನನ್ನು ಕರೆದುಕೊಂಡು ತಾನೇ ಶಾಲೆಗೆ ಹೊರಟ. ಸೂಟಿಯಾದರೂ ಫಲಿತಾಂಶದ ಕೆಲಸಕ್ಕೆ ಮಾಸ್ತರರೆಲ್ಲ ಕೂಡಿದ್ದರು. ಹೆಡ್‌ಮಾಸ್ತರರ ಕೋಣೆಯಲ್ಲಿ ನಾನು ತಟ್ಟೆ ಹಿಡಿದು ಒಬ್ಬೊಬ್ಬರ ಕಾಲಿಗೂ ನಮಸ್ಕಾರ ಮಾಡುತ್ತ ಬಂದೆ. ಗಣಿತದ ಮಾಸ್ತರರು ಮೂಲೆಯ ಕುರ್ಚಿಯಲ್ಲಿದ್ದರು. ಬೇಸಿಗೆ ಮುಗಿದರೆ ಕಲಘಟಗಿ ಕಡೆಯ ಬೇರೆ ಶಾಲೆಗೆ ಹೊರಟಿದ್ದಾರೆಂದು, ತಾವೇ ಕೇಳಿ ಹೊರಟಿದ್ದಾರೆಂದು ಆಗಲೇ ಕೇಳಿದ್ದೆ. ನಾನು ಅವರ ಹತ್ತಿರ ಬರುವಷ್ಟರಲ್ಲಿ ಅಪ್ಪ ಅವರ ಹೆಗಲ ಮೇಲೆ ಕೈ ಹಾಕಿದ್ದ.

“ನೋಡ್ರಿ ಮಾಸ್ತರ. ಜನಾ ಏನರ ಅನ್ನಲಿ, ಹೆಣ್ಣು ಹುಡುಗಿ ಅಂತ ನಾ ಬಿಡಿಸಿದ್ನೇನು? ಓದಿಸಿದೆ. ಹೌದೋ ಅಲ್ಲೋ ನೀವ ಹೇಳ್ರಿ.”

ಕನ್ನಡದ ಮಾಸ್ತರರು ನೆಲ ನೋಡಿದರು. ಹೆಡ್‌ಮಾಸ್ತರರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಇಲ್ಲ, ಇವರೇ ಓದಿಸಿದ್ದು ಎಂದು ಕಿರುಚಬೇಕೆನ್ನಿಸಿತು.

“ಹೌದ್ರಿ ಗೌಡ್ರ,” ಅಂದರು ಗಣಿತದ ಮಾಸ್ತರರು. “ನೀವ ಓದಿಸಿದ್ರಿ.” ಅಪ್ಪನ ಮುಖ ಅರಳಿತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. “ಇಷ್ಟು ಓದಿಸಿದವರು ನಡುವ ಕೈ ಬಿಡತೀರೇನು? ಧಾರವಾಡಕ್ಕ ಕಾಲೇಜಿಗೂ ನೀವ ಕಳಸವರು. ಇವರೆಲ್ಲಾರ ಮುಂದ ಹೇಳಾಕತ್ತೀನಿ, ಗೌಡ್ರು ಕಳಸವರು.”

ಅಪ್ಪ ಒಂದು ಗಳಿಗೆ ತಬ್ಬಿಬ್ಬಾದ, ಕುಬಿಹಾಳದವರ ನೆನಪು ಬಂದಿರಬೇಕು. ಹೆಡ್‌ಮಾಸ್ತರರ ಮುಖ ನೋಡಿದ, ಕನ್ನಡದ ಮಾಸ್ತರರ ಮುಖ ನೋಡಿದ, ನನ್ನ ಕಡೆ ನೋಡಿದ. ಹೊಗಳಿಸಿಕೊಂಡ ಬಾಯಿಂದ ಇಲ್ಲ ಅನ್ನಲು ಅವನಿಗೆ ಬರಲಿಲ್ಲ.

“ಕಳಸ್ತೀನ್ರಿ,” ಅಂದ.

ನಾನು ಬಗ್ಗಿ ಮಾಸ್ತರರ ಕಾಲು ಮುಟ್ಟಿದೆ. ಎಲ್ಲರಿಗೂ ಮಾಡಿದಂತೆ ಮಾಡಿ ಏಳಲು ಆಗಲಿಲ್ಲ, ಅಲ್ಲೇ ಕುಳಿತು ಅತ್ತುಬಿಟ್ಟೆ. ಪಾಸಾದ ಖುಷಿಗೆ ಅಳುತ್ತಿದ್ದಾಳೆ ಎಂದ ಅಪ್ಪ. ಮಾಸ್ತರರು ಕಾಲು ಹಿಂದಕ್ಕೆ ಎಳೆದುಕೊಂಡು, “ಏಳವ್ವ. ಗೌಡ್ರಿಗೆ ನಮಸ್ಕಾರ ಮಾಡು,” ಅಂದರು.